ಹೊಕ್ಕುಳಿಗೆ ಬೆಣ್ಣೆ, ಸಾಸಿವೆ ಎಣ್ಣೆ ಮತ್ತು ಒಂದು ಲೈಸೆನ್ಸು

ಕಾಶಿಗೆ ಬಂದು ಮೂವತ್ತೆಂಟು ವರ್ಷ ದಾಟಿತು. ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಹೋದಾಗೆಲ್ಲ ‘ನೀನು ಬಿಡು ಮಾರಾಯ್ತಿ, ಪುಣ್ಯವಂತೆ, ದಿನಾ ಗಂಗಾಸ್ನಾನ, ದಿನಾ ವಿಶ್ವನಾಥನ ದರ್ಶನ’ ಅನ್ನುತ್ತಾರೆ. ನಾನು ದಿನಾ ದರ್ಶನ ಮಾಡುವುದು ಲಂಕಾದ ಜೆರಾಕ್ಸ್ ಅಂಗಡಿಗಳದ್ದು ಅಂದರೆ ಯಾರೂ ನಂಬುವುದಿಲ್ಲ. ಲಂಕಾ ಅಂದರೆ ರಾವಣನದ್ದಲ್ಲ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲ ಎದುರಿನ ಬೀದಿ. ಚಹಾ, ಲಸ್ಸಿ, ಔಷಧಿ ಅಂಗಡಿ, ಅವುಗಳ ನಡುವೆ ಸಾಲು ಸಾಲು ಜೆರಾಕ್ಸ್ ಮೆಷಿನ್ನು. (ಅಂದ ಹಾಗೆ ಈ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಇಲ್ಲಿನ ರಿಕ್ಷಾದವರಿಗೂ ನಾನು ಇದನ್ನು ಹೇಳಿದ್ದೇನೆ. ಬಾಡಿಗೆಯಲ್ಲಿ ಒಂದು ರೂಪಾಯಿಯೂ ಕಮ್ಮಿ ಮಾಡಿಲ್ಲ.)

ಯಜಮಾನರಿಗೆ ಇಲ್ಲಿ ಕೆಲಸ ಸಿಕ್ಕಿತು ಅಂತ ಬಂದವಳು ನಾನು. ಹಿಂದಿ ಬರುತ್ತಿರಲಿಲ್ಲ. ತರಕಾರಿ ಕೊಳ್ಳುತ್ತಾ ಭೋಜ್‌ಪುರಿ ಮೊದಲು ಬಂತು, ಹಿಂದಿ ಆಮೇಲೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿಯ ಪಾಠ ತಯಾರು ಮಾಡುವ ಕೆಲಸ. ಇಂಗ್ಲಿಷಿನಿಂದ ಹಿಂದಿಗೆ, ಹಿಂದಿಯಿಂದ ಹೆಂಗಸರು ಆಡುವ ಹಿಂದಿಗೆ. ಈ ಎರಡನೆಯದೇ ಕಷ್ಟ ನೋಡಿ. ‘ಪ್ರಸವೋತ್ತರ ರಕ್ತಸ್ರಾವ’ ಅಂತ ಬರೆದರೆ ಸರ್ಕಾರಕ್ಕೆ ಸಂತೋಷ. ರಾತ್ರಿ ಎರಡು ಗಂಟೆಗೆ ಬಾಣಂತಿಯ ಸೀರೆ ಒದ್ದೆಯಾಗುತ್ತಿರುವಾಗ ಎಂಟನೇ ಕ್ಲಾಸು ಓದಿದ ಹೆಂಗಸಿನ ತಲೆಗೆ ಆ ಪದ ಬರಬೇಕಲ್ಲ? ಕೆಲಸದಿಂದ ನಿವೃತ್ತಿಯಾಗಿದೆ, ಆದರೂ ಬುಧವಾರ ಬುಧವಾರ ಚಿರಯೀಗಾಂವ್ ಕಡೆಯ ಒಂದು ಹಳ್ಳಿಗೆ ಹೋಗಿ ಆಶಾಗಳ ಜೊತೆ ಕೂತು ಬರುವುದನ್ನು ಬಿಟ್ಟಿಲ್ಲ. ಅವರಿಗೆ ನಾನು ‘ಮದ್ರಾಸಿ ದೀದಿ’. ಮದ್ರಾಸು ಅಲ್ಲ ಕರ್ನಾಟಕ ಅಂತ ತಿದ್ದುವುದನ್ನು 1995ರಲ್ಲೇ ನಿಲ್ಲಿಸಿಬಿಟ್ಟೆ.

ಇವತ್ತು ಬರೆಯಲು ಹೊರಟಿದ್ದು ಈ ಪಾಠಗಳು ಯಾರ ಸ್ವತ್ತು ಅನ್ನುವುದರ ಬಗ್ಗೆ.

‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಅಂತ ಒಂದು ಮಾತಿದೆ. 2002ರಲ್ಲಿ ಯುನೆಸ್ಕೋ ಕರೆದ ಒಂದು ಸಭೆಯಲ್ಲಿ ಹುಟ್ಟಿದ ಹೆಸರು. ಕನ್ನಡದಲ್ಲಿ ಹೇಳುವಾಗ ಬಾಯಿ ತುಂಬುತ್ತೆ, ಅರ್ಥ ಮಾತ್ರ ಸರಳ. ಪಾಠವನ್ನು ಬರೆದವರೇ ‘ತಗೊಳ್ಳಿ, ಕಾಪಿ ಮಾಡಿ, ನಿಮ್ಮ ಊರಿಗೆ ತಕ್ಕ ಹಾಗೆ ತಿದ್ದಿ, ಮತ್ತೆ ಹಂಚಿ’ ಅಂತ ಮೊದಲೇ ಬರೆದು ಕೊಟ್ಟಿರುವುದು. ಬರೆದವರ ಹೆಸರು ಹಾಕಬೇಕು, ಕೆಲವರು ಲಾಭಕ್ಕೆ ಮಾರಬೇಡಿ ಅನ್ನುತ್ತಾರೆ, ಕೆಲವರು ನೀವು ತಿದ್ದಿದ್ದನ್ನೂ ಹೀಗೇ ಬಿಟ್ಟುಕೊಡಿ ಅನ್ನುತ್ತಾರೆ. ಕ್ರಿಯೇಟಿವ್ ಕಾಮನ್ಸ್ ಅಂತ ಆ ಲೈಸೆನ್ಸಿನ ಹೆಸರು. ಇದೆಲ್ಲ ಕಾಲೇಜು ಮೇಷ್ಟ್ರುಗಳ ಸಂಗತಿ ಅಂತ ನನಗೂ ಅನ್ನಿಸುತ್ತಿತ್ತು. ಒಂದು ಫ್ಲಿಪ್ ಚಾರ್ಟು ಆ ಭಾವನೆಯನ್ನು ಬದಲಾಯಿಸಿತು.

ಬಹಳ ವರ್ಷದ ಹಿಂದಿನ ಮಾತು. ದಿಲ್ಲಿಯ ಒಂದು ದೊಡ್ಡ ಸಂಸ್ಥೆ (ಹೆಸರು ಬೇಡ) ಬಾಣಂತಿ ಮತ್ತು ಮಗುವಿನ ಆರೈಕೆ ಬಗ್ಗೆ ಬಹಳ ಚಂದದ ಫ್ಲಿಪ್ ಚಾರ್ಟು ಮಾಡಿತ್ತು. ದಪ್ಪ ಕಾಗದ, ಬಣ್ಣದ ಚಿತ್ರ. ಒಳಗಿನ ವೈದ್ಯಕೀಯ ಮಾಹಿತಿ ಅಪ್ಪಟವಾಗಿತ್ತು. ಆಶಾಗಳು ಅದನ್ನು ತಿರುವಿ ನಗಾಡಿದರು. ‘ದೀದಿ, ಈ ಬಹೂ ತಲೆ ಮೇಲೆ ಸೆರಗೇ ಇಲ್ಲ, ಅತ್ತೆ ಎದುರಿಗೇ ಹೀಗೆ ಕೂತಿದ್ದಾಳಾ?’ ಇನ್ನೊಬ್ಬಳು ‘ಅಡುಗೆಮನೆ ನೋಡು, ಟೈಲ್ಸು! ಇವಳಿಗೆ ನಾನ್ಯಾಕೆ ಹೇಳಿಕೊಡಬೇಕು, ಇವಳೇ ನನಗೆ ಹೇಳಿಕೊಡಲಿ’ ಅಂದಳು. ನಗು ಒಳ್ಳೆಯದೇ. ಆದರೆ ಚಿತ್ರದಲ್ಲಿ ಇರುವವಳು ತಮ್ಮವಳಲ್ಲ ಅಂತ ಅನ್ನಿಸಿದ ಮೇಲೆ ಹಳ್ಳಿಯ ಅತ್ತೆಯಂದಿರು ಆ ಚಾರ್ಟಿನ ಮಾತು ಕೇಳುವುದಿಲ್ಲ. ನಾಲ್ಕು ಚಿತ್ರ ಬದಲಿಸಿ, ಹತ್ತು ಸಾಲು ಭೋಜ್‌ಪುರಿಗೆ ತಿರುಗಿಸಿದರೆ ಸಾಕಿತ್ತು. ನಾವು ಕಾಗದ ಬರೆದು ಕೇಳಿದೆವು, ಮೂಲ ಫೈಲು ಕೊಡಿ, ನಿಮ್ಮ ಹೆಸರೇ ಇರಲಿ, ಮುದ್ರಣದ ಖರ್ಚು ನಮ್ಮದು ಅಂತ. ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ, ಬದಲಾವಣೆಗೆ ಅವಕಾಶವಿಲ್ಲ, ಪ್ರತಿಗಳು ಬೇಕಿದ್ದರೆ ಖರೀದಿಸಬಹುದು’ ಅಂತ ಉತ್ತರ ಬಂತು. ಎರಡು ವರ್ಷಕ್ಕೆ ಅವರ ಪ್ರಾಜೆಕ್ಟಿನ ದುಡ್ಡು ಮುಗಿಯಿತು, ಇಲ್ಲಿನ ಕಚೇರಿ ಮುಚ್ಚಿತು. ಆ ಚಾರ್ಟು ಮತ್ತೆ ಅಚ್ಚಾಗಲೇ ಇಲ್ಲ. ಕಾಯ್ದಿರಿಸಿದ ಹಕ್ಕುಗಳು ಯಾವ ಗೋದಾಮಿನಲ್ಲಿ ಇಲಿಗಳಿಗೆ ಸಿಕ್ಕವೋ.

‘ಅದಕ್ಕೇನು, ಜೆರಾಕ್ಸ್ ಮಾಡಿಸಿಕೊಳ್ಳಬಹುದಿತ್ತಲ್ಲ’ ಅಂತ ನೀವು ಕೇಳಬಹುದು. ಕಾಪಿ ಮಾಡುವ ವಿಷಯದಲ್ಲಿ ನಮ್ಮ ದೇಶದ ಕಾನೂನು ಉದಾರವಾಗಿಯೇ ಇದೆ. ದಿಲ್ಲಿ ವಿಶ್ವವಿದ್ಯಾಲಯದೊಳಗಿನ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು 2012ರಲ್ಲಿ ದಾವೆ ಹಾಕಿದ್ದು ನೆನಪಿದೆಯಾ? 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಅಂಗಡಿಯ ಪರವಾಗಿ ತೀರ್ಪು ಕೊಟ್ಟಿತು, ಪಾಠಕ್ಕಾಗಿ ಕಾಪಿ ಮಾಡುವುದು ತಪ್ಪಲ್ಲ ಅಂತ. ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು. ಲಂಕಾದ ಅಂಗಡಿಯವರಿಗೂ ಅವತ್ತು ಸಮಾಧಾನ ಆಗಿರಬೇಕು. ಆದರೆ ಜೆರಾಕ್ಸ್ ಮೆಷಿನ್ನಿಗೆ ಟೈಲ್ಸು ಹಾಕಿದ ಅಡುಗೆಮನೆಯನ್ನು ಮಣ್ಣಿನ ಒಲೆ ಮಾಡಲು ಬರುವುದಿಲ್ಲವಲ್ಲ. ಕಾಪಿ ಮಾಡುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ. ಆರೋಗ್ಯದ ಪಾಠಕ್ಕೆ ಎರಡನೆಯದು ಬೇಕೇ ಬೇಕು. ಯಾಕೆ ಅಂತ ನನಗೆ ಪೂರ್ತಿ ಗೊತ್ತಾಗಿದ್ದು ಇಥಿಯೋಪಿಯಾದಿಂದ.

ಲೈಸೆನ್ಸಿನ ಹೆಸರು ಹುಟ್ಟುವ ಮುಂಚೆಯೇ ಈ ಕೆಲಸ ಮಾಡಿದವರೂ ಇದ್ದಾರೆ ಅನ್ನಿ. ಡೇವಿಡ್ ವರ್ನರ್ ಅಂತ, ಮೆಕ್ಸಿಕೋದ ಗುಡ್ಡಗಾಡು ಹಳ್ಳಿಗಳಲ್ಲಿ ಕೆಲಸ ಮಾಡಿ, ವೈದ್ಯರಿಲ್ಲದ ಊರಿಗೆ ಅಂತಲೇ 1970ರ ದಶಕದಲ್ಲಿ ಒಂದು ಪುಸ್ತಕ ಬರೆದರು. ಹಿಂದಿಯಲ್ಲಿ ‘ಜಹಾಂ ಡಾಕ್ಟರ್ ನ ಹೋ’ ಅಂತ ಸಿಗುತ್ತೆ. ಲಾಭ ಮಾಡದೆ ಹಂಚುವುದಾದರೆ ಯಾರನ್ನೂ ಕೇಳದೆ ನಕಲು ಮಾಡಿ, ನಿಮ್ಮ ಜನಕ್ಕೆ ಹೊಂದುವಂತೆ ಬದಲಿಸಿ ಅಂತ ಆ ಪುಸ್ತಕದಲ್ಲೇ ಅವರು ಹೇಳಿಟ್ಟಿದ್ದಾರೆ. ನನ್ನ ಬಳಿಯಿರುವ ಪ್ರತಿಗೆ ಈಗ ಬೆನ್ನೇ ಇಲ್ಲ, ದಾರ ಕಟ್ಟಿ ಇಟ್ಟಿದ್ದೇನೆ.

ಇಥಿಯೋಪಿಯಾಕ್ಕೆ ಬರುತ್ತೇನೆ. ನನ್ನ ಅಕ್ಕನ ಮಗ ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಮೇಷ್ಟ್ರಾಗಿದ್ದ. ಆಗ ನಮ್ಮ ದೇಶದಿಂದ ಸಾವಿರಾರು ಜನ ಅಲ್ಲಿ ಪಾಠ ಹೇಳಲು ಹೋಗಿದ್ದರು. ನನ್ನನ್ನು ‘ಚಿಕ್ಕಿ’ ಅಂತಾನೆ, ಏಕವಚನದಲ್ಲೇ ಗದರುತ್ತಾನೆ. ಹೋದ ಹೊಸತರಲ್ಲಿ ಫೋನು ಮಾಡಿದರೆ ಇಂಜೆರಾ (ನಮ್ಮ ನೀರುದೋಸೆಗೆ ಹುಳಿ ಹಿಡಿಸಿದ ಹಾಗೆ ಅಂತಾನೆ) ಪುರಾಣ ಮಾತ್ರ ಇರುತ್ತಿತ್ತು. ಒಂದು ಸಲ ‘ಚಿಕ್ಕಿ, ನಿನ್ನ ಕೆಲಸಕ್ಕೆ ಬರುವಂಥದ್ದು ಇಲ್ಲೊಂದಿದೆ’ ಅಂತ ಹದಿಮೂರು ಫೈಲು ಕಳಿಸಿದ.

ಇಥಿಯೋಪಿಯಾದಲ್ಲೂ ನಮ್ಮ ಆಶಾಗಳ ಹಾಗೆ ಹೆಣ್ಣುಮಕ್ಕಳಿದ್ದಾರೆ. ಅವರ ಕಾರ್ಯಕ್ರಮ ಶುರುವಾದದ್ದು 2003ರಲ್ಲಿ, ನಮ್ಮದಕ್ಕಿಂತ ಎರಡು ವರ್ಷ ಮೊದಲು. ಹತ್ತನೇ ಕ್ಲಾಸು ಮುಗಿಸಿದ ಹುಡುಗಿಯರಿಗೆ ಒಂದು ವರ್ಷ ತರಬೇತಿ ಕೊಟ್ಟು, ಸುಮಾರು ಐದು ಸಾವಿರ ಜನರಿರುವ ಒಂದೊಂದು ಕೆಬೆಲೆಗೆ (ನಮ್ಮ ಗ್ರಾಮ ಪಂಚಾಯಿತಿ ಅಂದುಕೊಳ್ಳಿ) ಇಬ್ಬರಂತೆ ನೇಮಿಸಿದರು. ಅವರಿಗೆ ಸಂಬಳವೂ ಇದೆ. ಪ್ರೋತ್ಸಾಹಧನಕ್ಕೆ ಫಾರಂ ತುಂಬುತ್ತಾ ಕೂರುವ ನಮ್ಮ ಆಶಾಗಳಿಗೆ ಇದನ್ನು ಹೇಳಿದಾಗ ‘ಆಫ್ರಿಕಾದಲ್ಲಾ?’ ಅಂತ ಎರಡೆರಡು ಸಲ ಕೇಳಿದರು. ಹಾಗೆ ಮೂವತ್ತು ಸಾವಿರಕ್ಕೂ ಹೆಚ್ಚು ಹುಡುಗಿಯರು. ಅವರನ್ನು ಮುಂದಿನ ಹಂತಕ್ಕೆ ಓದಿಸಬೇಕು, ಆದರೆ ಊರು ಬಿಡಿಸಿ ಕಾಲೇಜಿಗೆ ಕರೆದರೆ ಆರೋಗ್ಯ ಠಾಣೆಗೆ ಬೀಗ. ಅದಕ್ಕೆ ಆ ದೇಶದ ಆರೋಗ್ಯ ಸಚಿವಾಲಯ ಮತ್ತು ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿ ಸೇರಿ, 2011ರ ಹೊತ್ತಿಗೆ, ಕೆಲಸದ ಜಾಗದಲ್ಲೇ ಕೂತು ಓದುವಂಥ ಹದಿಮೂರು ಪುಸ್ತಕ ತಯಾರಿಸಿದರು. ಹೀಟ್ ಅಂತ ಚುಟುಕು ಹೆಸರು. ಬರೆದವರು ಇಥಿಯೋಪಿಯಾದ ವೈದ್ಯರು, ನರ್ಸುಗಳು, ಮೇಷ್ಟ್ರುಗಳು. ಓಪನ್ ಯೂನಿವರ್ಸಿಟಿಯವರು ದೂರಶಿಕ್ಷಣದ ಪಾಠ ಹೇಗಿರಬೇಕು ಅಂತ ಜೊತೆಗೆ ಕೂತು ಕಲಿಸಿದರು. ಗರ್ಭಿಣಿ ಆರೈಕೆ, ಹೆರಿಗೆ, ಬಾಣಂತನ, ಲಸಿಕೆ, ಆಹಾರ, ನೈರ್ಮಲ್ಯ, ಸಾಂಕ್ರಾಮಿಕ ರೋಗ, ಮನಸ್ಸಿನ ಕಾಯಿಲೆ, ಎಲ್ಲ ಇದೆ. ಎಲ್ಲಕ್ಕೂ ಆ ಲೈಸೆನ್ಸು. ಮಾರಬೇಡಿ, ಉಳಿದದ್ದು ನಿಮಗೆ ಬಿಟ್ಟದ್ದು.

ಪಾಠಗಳನ್ನು ತೆರೆದಾಗ ನನಗೆ ಮೊದಲು ಹಿಡಿಸಿದ್ದು ಅದರ ದನಿ. ಪುಸ್ತಕವೇ ಮೇಷ್ಟ್ರ ಹಾಗೆ ಮಾತಾಡುತ್ತೆ. ಅರ್ಧ ಪುಟ ಹೇಳಿ, ‘ಈಗ ನೀವು ಹೇಳಿ, ಈ ಹೆಂಗಸಿಗೆ ಏನು ಮಾಡುತ್ತೀರಿ?’ ಅಂತ ಕೇಳಿ, ಗೆರೆ ಎಳೆದು, ಕೆಳಗೆ ಉತ್ತರ. ಒಬ್ಬಳೇ ಕೂತು ಓದುವವಳಿಗೆ ಹೇಳಿ ಮಾಡಿಸಿದ್ದು. ನಮ್ಮಲ್ಲಿ ಆಶಾಗಳಿಗೆ ಮನೆಗೇ ಹೋಗಿ ನವಜಾತ ಶಿಶುವನ್ನು ನೋಡುವ ಪಾಠ ಗಡಚಿರೋಲಿಯ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿಯ ಕೆಲಸದಿಂದ ಬಂದದ್ದು. ಹಳ್ಳಿಯ ಹೆಂಗಸರಿಗೇ ಕಲಿಸಿ ನವಜಾತ ಶಿಶುಗಳ ಸಾವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಬಹುದು ಅಂತ 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದು ತೋರಿಸಿದವರು ಅವರು. ನಮ್ಮದೇ ಉತ್ತರ ಪ್ರದೇಶದ ರಾಯ್‌ಬರೇಲಿ ಜಿಲ್ಲೆಯ ಶಿವಗಢದಲ್ಲೂ ಅಂಥದ್ದೇ ಫಲ ಸಿಕ್ಕಿತು, ಅದು 2008ರಲ್ಲಿ ಪ್ರಕಟವಾಯಿತು. ಆ ಪಾಠಗಳು ಗಟ್ಟಿ. ಆದರೆ ಹಂಚುವಾಗ ಎಲ್ಲೋ ಸರ್ಕಾರಿ ಸುತ್ತೋಲೆಯ ದನಿ ಸೇರಿಕೊಂಡುಬಿಡುತ್ತೆ. ಇಥಿಯೋಪಿಯಾದ ಈ ಪ್ರಶ್ನೆ-ಗೆರೆ-ಉತ್ತರದ ಕ್ರಮವನ್ನು ನಾನು ಎತ್ತಿಕೊಂಡೆ, ಎತ್ತಿಕೊಂಡೆ ಅಂತ ಕೆಳಗೆ ಬರೆದೂ ಹಾಕಿದೆ.

ಹೊಕ್ಕುಳ ಬಳ್ಳಿಯ ಪಾಠವನ್ನೇ ತಗೊಳ್ಳಿ. ಮಗು ಹುಟ್ಟಿದ ಮೇಲೆ ಕತ್ತರಿಸಿದ ಬಳ್ಳಿಗೆ ಮನೆಯವರು ತಮಗೆ ತೋಚಿದ್ದನ್ನು ಹಚ್ಚಬಾರದು, ಒಣಗಲು ಬಿಡಬೇಕು. ಅದರಿಂದ ನಂಜಾಗಿ, ಧನುರ್ವಾಯುವಾಗಿ ಸತ್ತ ಮಕ್ಕಳ ಲೆಕ್ಕ ಇಟ್ಟವರಿಲ್ಲ. ಇಥಿಯೋಪಿಯಾದಲ್ಲಿ ಹೊಕ್ಕುಳಿಗೆ ಬೆಣ್ಣೆ ಹಚ್ಚುವುದುಂಟು, ಹಾಗಾಗಿ ಅಲ್ಲಿ ‘ಬೆಣ್ಣೆ ಹಚ್ಚಬೇಡಿ’ ಅಂತ ಹೇಳಬೇಕು. ಅದನ್ನು ಹಾಗೇ ಅನುವಾದ ಮಾಡಿದರೆ ಇಲ್ಲಿನ ಅಜ್ಜಿಯರು ‘ಬೆಣ್ಣೆ ಯಾರು ಹಚ್ಚುತ್ತಾರೆ, ಅಷ್ಟು ಬೆಣ್ಣೆ ಎಲ್ಲಿದೆ’ ಅಂತ ತಲೆಯಾಡಿಸಿ, ಆರಾಮಾಗಿ ಸಾಸಿವೆ ಎಣ್ಣೆ ಹಚ್ಚುತ್ತಾರೆ. ನಮ್ಮ ಮಲೆನಾಡಿಗೆ ಬರೆಯುವುದಾದರೆ ಕೊಬ್ಬರಿ ಎಣ್ಣೆ, ಹರಳೆಣ್ಣೆ ಅಂತ ಬರೆಯಬೇಕು. ಒಂದೇ ಪದ. ಆದರೆ ಆ ಒಂದು ಪದವನ್ನು ತಿದ್ದಲು ಅಧಿಕಾರ ಇಲ್ಲದಿದ್ದರೆ ಇಡೀ ಪುಟ ವ್ಯರ್ಥ. ‘ಏನನ್ನೂ ಹಚ್ಚಬೇಡಿ’ ಅಂದರೆ ಸಾಲದಾ ಅಂತ ಒಬ್ಬ ಡಾಕ್ಟರು ನನ್ನನ್ನು ಕೇಳಿದ್ದರು. ಸಾಲದು ಸ್ವಾಮಿ. ಅಜ್ಜಿಯ ಲೆಕ್ಕದಲ್ಲಿ ಸಾಸಿವೆ ಎಣ್ಣೆ ‘ಏನೋ ಒಂದು’ ಅಲ್ಲ, ಅದು ಎಣ್ಣೆ.

ಇಷ್ಟರ ತನಕ ಆಫ್ರಿಕಾದಿಂದ ಕಾಶಿಗೆ ಬಂದದ್ದಾಯಿತು. 2016ರಲ್ಲಿ ಹುಡುಗ ಕಾಶಿಯಿಂದ ಆಫ್ರಿಕಾಕ್ಕೆ ಏನಾದರೂ ಕಳಿಸು ಅಂದ. ‘ಚಿಕ್ಕಿ, ಕಾಲಾ ಅಜಾರ್‌ಗೆ ಒಂದೇ ದಿನದ ಔಷಧಿ ಅಂತ ತೋರಿಸಿದ್ದು ನಿಮ್ಮೂರಿನ ಡಾಕ್ಟರೇ ಅಂತೆ. ಇಲ್ಲಿ ನನ್ನ ಸ್ಟೂಡೆಂಟ್ಸ್ ಅದೇ ರೋಗದ ಮೇಲೆ ಕೆಲಸ ಮಾಡುತ್ತಿದ್ದಾರೆ. ಅಲ್ಲಿನ ಕಾರ್ಯಕರ್ತರಿಗೆ ಕೊಡುವ ಕಾಗದ, ಚಿತ್ರ ಇದ್ದರೆ ಕಳಿಸು.’

ಕಾಲಾ ಅಜಾರ್ ಅಂದರೆ ಕಪ್ಪು ಜ್ವರ. ನಮ್ಮ ಕರ್ನಾಟಕದವರಿಗೆ ಅಷ್ಟು ಪರಿಚಯವಿಲ್ಲ. ವಾರಗಟ್ಟಲೆ ಬಿಡದ ಜ್ವರ, ಗುಲ್ಮ ಊದಿ ಹೊಟ್ಟೆ ದಪ್ಪ, ಮೈ ಮಾತ್ರ ಕಡ್ಡಿ. ಔಷಧಿ ಕೊಡದಿದ್ದರೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಬಿಹಾರದಲ್ಲಿ ಹೆಚ್ಚು, ನಮ್ಮ ಕಡೆ ಬಲಿಯಾ, ದೇವರಿಯಾ, ಕುಶಿನಗರದಲ್ಲೂ ಇದೆ. ಹರಡುವುದು ಒಂದು ಪುಟ್ಟ ಮರಳುನೊಣ, ಹಿಂದಿಯಲ್ಲಿ ‘ಬಾಲೂ ಮಕ್ಖಿ’. ಹೆಸರೇ ದಾರಿ ತಪ್ಪಿಸುವಂಥದ್ದು. ಜನ ಗಂಗೆಯ ಮರಳಿನಲ್ಲಿ ಹುಡುಕುತ್ತಾರೆ, ಅದು ಇರುವುದು ದನದ ಕೊಟ್ಟಿಗೆಯ ತೇವದಲ್ಲಿ, ಮಣ್ಣಿನ ಗೋಡೆಯ ಬಿರುಕಿನಲ್ಲಿ. ಬಿಎಚ್‌ಯು ವೈದ್ಯಕೀಯ ಸಂಸ್ಥೆಯ ಡಾ. ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಬಿಹಾರದ ಮುಜಫ್ಫರ್‌ಪುರದಲ್ಲಿ ಈ ರೋಗದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು. ಬೆರಳಿನ ಒಂದು ಹನಿ ರಕ್ತದಿಂದ ಕಾಯಿಲೆ ಪತ್ತೆ ಮಾಡುವ ಆರ್‌ಕೆ39 ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತೆ ಅಂತ 1998ರಲ್ಲಿ ತೋರಿಸಿದರು. 2010ರಲ್ಲಿ ಲೈಪೊಸೋಮಲ್ ಆಂಫೊಟೆರಿಸಿನ್ ಅನ್ನುವ ಔಷಧಿಯನ್ನು ಒಂದೇ ಸಲ ನರಕ್ಕೆ ಹನಿಸಿದರೆ ನೂರಕ್ಕೆ 95ಕ್ಕೂ ಹೆಚ್ಚು ಜನಕ್ಕೆ ಗುಣ ಅಂತ ಪ್ರಕಟಿಸಿದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿರಬೇಕಾಗಿದ್ದ ಕೂಲಿಯವರು ಮರುದಿನ ಮನೆಗೆ. 2014ರಲ್ಲಿ ಸರ್ಕಾರವೂ ಇದನ್ನೇ ಹಿಡಿಯಿತು. ಆ ವರ್ಷ ದೇಶದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು, 2023ರಲ್ಲಿ ಆರುನೂರಕ್ಕೂ ಕಮ್ಮಿ.

ನನಗೆ ಹೆಮ್ಮೆಯೋ ಹೆಮ್ಮೆ. ನಮ್ಮಲ್ಲಿದ್ದ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಕಳಿಸಿದೆ. ವಾರದ ಮೇಲೆ ಹುಡುಗನ ಫೋನು. ‘ಚಿಕ್ಕಿ, ಚಿತ್ರ ಎಲ್ಲ ಚೆನ್ನಾಗಿದೆ. ಆದರೆ ಇದನ್ನ ಇಲ್ಲಿ ಹಂಚಿದರೆ ಜನ ಸಾಯುತ್ತಾರೆ.’

ರೋಗಾಣು ಅದೇ, ಲೀಷ್ಮೇನಿಯಾ ಡೊನೊವಾನಿ. ಹೆಸರೂ ಅದೇ, ಅಲ್ಲೂ ಕಾಲಾ ಅಜಾರ್ ಅಂತಲೇ ಅನ್ನುತ್ತಾರೆ. ಆದರೆ ಇಲ್ಲಿ ನಾಟಿದ ಔಷಧಿ ಅಲ್ಲಿ ಅದೇ ಪ್ರಮಾಣದಲ್ಲಿ ನಾಟುವುದಿಲ್ಲ. ಸುಡಾನ್, ಇಥಿಯೋಪಿಯಾಗಳಲ್ಲಿ ಒಂದೇ ಡೋಸನ್ನು ಪ್ರಯೋಗ ಮಾಡಿ ನೋಡಿದಾಗ ಗುಣವಾದವರು ನೂರಕ್ಕೆ ಅರವತ್ತೂ ಇಲ್ಲ, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಅದರ ವರದಿ 2014ರಲ್ಲಿ ಬಂದಿತ್ತು. ಹಾಗಾಗಿ ಅಲ್ಲಿ ಆಗ ನಡೆಯುತ್ತಿದ್ದದ್ದು ದಿನಕ್ಕೆ ಎರಡು ಬೇರೆ ಬೇರೆ ಇಂಜೆಕ್ಷನ್ನು, ಹದಿನೇಳು ದಿನ. ಆರ್‌ಕೆ39 ಪಟ್ಟಿಯೂ ಹಾಗೆಯೇ. ಇಲ್ಲಿ ಅದು ತಪ್ಪುವುದು ಅಪರೂಪ, ಅಲ್ಲಿ ಕಾಯಿಲೆ ಇದ್ದೂ ‘ಇಲ್ಲ’ ಅನ್ನುವುದು ಹೆಚ್ಚು. ನಮ್ಮ ಹಾಳೆಯಲ್ಲಿ ‘ಗೆರೆ ಬರದಿದ್ದರೆ ಕಾಲಾ ಅಜಾರ್ ಅಲ್ಲ’ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಅದನ್ನು ಓದಿ ಅಲ್ಲಿಯ ಹುಡುಗಿ ಒಬ್ಬ ರೋಗಿಯನ್ನು ವಾಪಸು ಕಳಿಸಿದಳು ಅಂತಿಟ್ಟುಕೊಳ್ಳಿ...

ಇನ್ನು ಚಿತ್ರ. ನಮ್ಮದರಲ್ಲಿ ಮಣ್ಣಿನ ಮನೆ, ಪಕ್ಕದಲ್ಲಿ ಹಸು, ಗೋಡೆಗೆ ಪಂಪು ಹಿಡಿದು ಔಷಧಿ ಹೊಡೆಯುವವನು. ಇಲ್ಲಿನ ನೊಣ ಮನೆಯೊಳಗೆ ಕಚ್ಚುತ್ತೆ, ಗೋಡೆಗೆ ಹೊಡೆದರೆ ಪ್ರಯೋಜನ ಇದೆ. ಇಥಿಯೋಪಿಯಾದ ವಾಯವ್ಯದಲ್ಲಿ, ಸುಡಾನ್ ಗಡಿಯ ಹುಮೇರಾ, ಮೆತೆಮಾ ಕಡೆ ಕಥೆಯೇ ಬೇರೆ. ಅಲ್ಲಿ ದೊಡ್ಡ ದೊಡ್ಡ ಎಳ್ಳಿನ ಹೊಲಗಳಿವೆ. ಗುಡ್ಡದ ಮೇಲಿನ ತಂಪು ಊರುಗಳಿಂದ ಗಂಡಸರು ಕಳೆ ತೆಗೆಯಲು, ಕೊಯ್ಲಿಗೆ ಅಂತ ಕೂಲಿಗೆ ಇಳಿದು ಬರುತ್ತಾರೆ. ಮನೆ ಎಲ್ಲಿಂದ ಬರಬೇಕು, ಹೊಲದಲ್ಲೇ ಜಾಲಿ ಜಾತಿಯ ಮರದ ಕೆಳಗೆ ಮಲಗುತ್ತಾರೆ. ನೊಣ ಇರುವುದು ಅಲ್ಲೇ, ಬಿರಿದ ಕಪ್ಪು ಎರೆ ಭೂಮಿಯಲ್ಲಿ, ಆ ಮರಗಳ ಸುತ್ತ. ಜ್ವರ ಹೊತ್ತುಕೊಂಡು ಊರಿಗೆ ವಾಪಸು ಹೋದರೆ, ಗುಡ್ಡದ ಆರೋಗ್ಯ ಠಾಣೆಯಲ್ಲಿ ಆ ರೋಗ ಕಂಡವರೇ ಕಮ್ಮಿ. ಗೋಡೆಗೆ ಔಷಧಿ ಹೊಡೆಯುವ ಚಿತ್ರವನ್ನು ಗೋಡೆಯೇ ಇಲ್ಲದವನಿಗೆ ತೋರಿಸಿ ಏನು ಪ್ರಯೋಜನ? ಕೆಲಸ ಹುಡುಕಿ ಊರು ಬಿಟ್ಟವರ ರೋಗ ಅದು. ಸೂರತ್ತಿಗೂ ಪಂಜಾಬಿಗೂ ಬಿಹಾರದಿಂದ ಹೋಗುವ ರೈಲುಗಳನ್ನು ದಿನಾ ನೋಡುವ ನನಗೆ ಆ ಮಾತು ಬೇಗ ತಲೆಗೆ ಹೋಯಿತು.

ಹುಡುಗ ಮತ್ತು ಅವನ ವಿದ್ಯಾರ್ಥಿಗಳು ನಮ್ಮ ಹಾಳೆಯನ್ನು ಬಿಸಾಕಲಿಲ್ಲ. ರೋಗದ ಲಕ್ಷಣ ಹೇಳುವ ಪುಟ, ಗುಲ್ಮವನ್ನು ಕೈಯಲ್ಲಿ ಮುಟ್ಟಿ ನೋಡುವ ಚಿತ್ರ, ‘ಎರಡು ವಾರ ದಾಟಿದ ಜ್ವರಕ್ಕೆ ಕಾಯಬೇಡ’ ಅನ್ನುವ ಸಾಲು, ಇವನ್ನು ಇಟ್ಟುಕೊಂಡರು. ಔಷಧಿಯ ಪುಟ ಪೂರ್ತಿ ಹೊಸತು, ಅವರ ದೇಶದ ಮಾರ್ಗಸೂಚಿ ನೋಡಿ ಬರೆದದ್ದು. ‘ಗೆರೆ ಬರದಿದ್ದರೆ’ ಅನ್ನುವ ಕಡೆ, ಗೆರೆ ಬರದಿದ್ದರೂ ದೊಡ್ಡಾಸ್ಪತ್ರೆಗೆ ಕಳಿಸು ಅಂತ. ಗೋಡೆ ತೆಗೆದು ಮರ, ಮರದ ಕೆಳಗೆ ಸೊಳ್ಳೆಪರದೆ. ಅಮ್ಹಾರಿಕ್ ಲಿಪಿಯಲ್ಲಿ ಆ ಹಾಳೆ ನನ್ನ ಬಳಿ ಇದೆ. ಒಂದಕ್ಷರ ಓದಲು ಬರುವುದಿಲ್ಲ, ಕೊನೆಯಲ್ಲಿ ‘ವಾರಾಣಸಿ’ ಅಂತ ಇರುವುದು ಇದು ಅಂತ ಅವನು ಬೆರಳಿಟ್ಟು ತೋರಿಸಿದ್ದಾನೆ.

ಈಗ ಹೇಳಿ, ನಮ್ಮ ಹಾಳೆಗಳ ಮೇಲೂ ‘ಬದಲಾವಣೆಗೆ ಅವಕಾಶವಿಲ್ಲ’ ಅಂತ ಇದ್ದಿದ್ದರೆ? ಬದಲಿಸದೆ ಹಂಚಿದ್ದರೆ ಅನಾಹುತ, ಹಂಚದಿದ್ದರೆ ಗುಲ್ಮದ ಚಿತ್ರವೂ ಇಲ್ಲ.

ಮುಕ್ತ ಅಂದ ತಕ್ಷಣ ಎಲ್ಲ ಒಳ್ಳೆಯದೇ ಅಂತಲೂ ನಾನು ಹೇಳುವುದಿಲ್ಲ. ಯಾರು ಬೇಕಾದರೂ ಕಾಪಿ ಮಾಡಬಹುದಾದ ಹಾಳೆ ಸಾಯುವುದೇ ಇಲ್ಲ, ಅದೇ ಕಷ್ಟ. 2017ರಲ್ಲೂ ಕಾಲಾ ಅಜಾರ್‌ಗೆ 28 ದಿನ ಮಾತ್ರೆ ಅನ್ನುವ ಹಳೇ ಕರಪತ್ರದ ಜೆರಾಕ್ಸಿನ ಜೆರಾಕ್ಸು ನನ್ನ ಕೈಗೆ ಸಿಕ್ಕಿತ್ತು. ಒಂದು ಕಾಲಕ್ಕೆ ಅದು ಸರಿಯೇ. ಮೇಲೆ ವರ್ಷವಿಲ್ಲ, ಊರಿಲ್ಲ, ಬರೆದವರು ಯಾರು ಅಂತಿಲ್ಲ. ನಾನು ಕೈ ಹಾಕುವ ಹಾಳೆಗಳಲ್ಲಿ ಈಗ ಪ್ರತಿ ಪುಟದ ಕೆಳಗೂ ಮೂರು ವಿಷಯ ಇರುತ್ತೆ: ಯಾವ ವರ್ಷದ್ದು, ಯಾವ ಜಿಲ್ಲೆಗೆ ಬರೆದದ್ದು, ಎಲ್ಲಿಂದ ಎತ್ತಿದ್ದು. ಮೊದಲ ಪುಟದಲ್ಲಿ ಮಾತ್ರ ಹಾಕಿದರೆ ಆಗುವುದಿಲ್ಲ. ಜೆರಾಕ್ಸಿನವನು ಮೊದಲು ಕಳೆಯುವುದೇ ಮೊದಲ ಪುಟವನ್ನು.

ಆಫ್ರಿಕಾದ ಬೇರೆ ಕಡೆಯೂ ಈ ಕೆಲಸ ನಡೆದಿದೆ. ದಕ್ಷಿಣ ಆಫ್ರಿಕಾ, ಘಾನಾದ ವಿಶ್ವವಿದ್ಯಾಲಯಗಳು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೊತೆ ಸೇರಿ 2008ರಿಂದ ವೈದ್ಯಕೀಯ ಪಾಠಗಳನ್ನು ಹೀಗೆ ಮುಕ್ತವಾಗಿ ಹಂಚಿಕೊಳ್ಳಲು ಶುರು ಮಾಡಿದವು. ಘಾನಾದ ಕುಮಾಸಿಯ ಮೇಷ್ಟ್ರುಗಳು ಬುರೂಲಿ ಹುಣ್ಣಿನ ಬಗ್ಗೆ ತಾವೇ ಪಾಠ ಮಾಡಿದರು. ಹೊರಗಿನಿಂದ ಬರುವ ಪುಸ್ತಕಗಳಲ್ಲಿ ಚರ್ಮರೋಗದ ಫೋಟೋಗಳೆಲ್ಲ ಬಿಳಿ ಚರ್ಮದವರದ್ದು, ಕಪ್ಪು ಚರ್ಮದ ಮೇಲೆ ಅದೇ ಗಾಯ ಬೇರೆಯೇ ಕಾಣುತ್ತೆ. ನಮ್ಮಲ್ಲೂ ಕರ್ನಾಟಕದ ಶಾಲಾ ಮೇಷ್ಟ್ರುಗಳಿಗೆ ಕನ್ನಡದಲ್ಲೇ ಮುಕ್ತ ಪಾಠಗಳ ಜಾಲ ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನವರು ಎದೆಹಾಲು ಕುಡಿಸುವ ಬಗ್ಗೆ, ಆಹಾರದ ಬಗ್ಗೆ ಬೇರೆ ಬೇರೆ ಭಾರತೀಯ ಭಾಷೆಗಳಲ್ಲಿ ವಿಡಿಯೋ ಮಾಡಿದ್ದಾರೆ. ಊರಿನಲ್ಲಿ ಸೊಸೆಯೋ ಮಗಳೋ ಬಸುರಿಯಾಗಿದ್ದರೆ ನೋಡಲು ಹೇಳಿ.

ನಮ್ಮೂರಿನ ವಿಷಯಕ್ಕೆ ಬಂದರೆ, ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಳಗೋಡು ಕಡೆ ಜೋರಾದಾಗ ಡಿಎಂಪಿ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗಿ ಅಂತ ಪ್ರಚಾರ ಮಾಡಿದರು. ಅಕ್ಕ ಒಂದು ಕರಪತ್ರ ತೆಗೆದಿಟ್ಟು ಕೊಟ್ಟಿದ್ದಳು. ಆ ಕಾಯಿಲೆ ಈಗ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದ ತನಕ ಹೋಗಿದೆ. ಆ ಕರಪತ್ರದಲ್ಲಿ ‘ಉಣುಗು’ ಅಂತ ನಮ್ಮ ಪದ ಇತ್ತು, ಕೊಟ್ಟಿಗೆಗೆ ಸೊಪ್ಪು ತರುವ ಹೆಂಗಸರ ಮಾತಿತ್ತು. ಸಿಂಧುದುರ್ಗದ ಗೇರು ತೋಟದಲ್ಲಿ ದರಗು ಗುಡಿಸುವವಳಿಗೆ ಅದನ್ನು ಯಾರಾದರೂ ಮರಾಠಿಯಲ್ಲಿ, ಅವಳ ತೋಟದ ಚಿತ್ರ ಹಾಕಿ ತಿರುಗಿಸಿಕೊಟ್ಟರೆ ಎಷ್ಟು ಚೆನ್ನ ಅಂತ ಅನ್ನಿಸಿತ್ತು. ಕರಪತ್ರದ ಕೆಳಗೆ ಲೈಸೆನ್ಸು ಗೀಸೆನ್ಸು ಏನೂ ಇರಲಿಲ್ಲ. ಬಹುಶಃ ಯಾರೂ ಬೇಡ ಅನ್ನಲಿಕ್ಕಿಲ್ಲ. ಆದರೆ ಸರ್ಕಾರಿ ಕೆಲಸದವರಿಗೆ ‘ಬಹುಶಃ’ ಸಾಕಾಗುವುದಿಲ್ಲ, ಬರೆದದ್ದು ಬೇಕು. ಒಂದು ಸಾಲು ಅಚ್ಚು ಹಾಕಲು ಏನು ಖರ್ಚು, ಹೇಳಿ.

ಹುಡುಗ ಈಗ ಮೈಸೂರಿನಲ್ಲಿದ್ದಾನೆ. ಇಂಜೆರಾ ಬಿಟ್ಟು ಮಸಾಲೆದೋಸೆಗೆ ಮರಳಿದ್ದಾನೆ. ನನಗೆ ಮಾತ್ರ ಅವನು ಕಳಿಸಿದ ಹದಿಮೂರರಲ್ಲಿ ಇನ್ನೂ ಒಂದು ಬಾಕಿ ಇದೆ, ಮನಸ್ಸಿನ ಕಾಯಿಲೆಯ ಪಾಠ. ಹೆರಿಗೆಯ ನಂತರ ಸುಮ್ಮನೆ ಗೋಡೆ ನೋಡುತ್ತಾ ಕೂರುವ ಬಾಣಂತಿಯರ ಬಗ್ಗೆ ಎರಡು ಪುಟ ಮಾಡಬೇಕು. ಹಿಂದಿಯಲ್ಲಿ ‘ಅವಸಾದ’ ಅಂತ ಬರೆದರೆ ಆಯಿತು, ಯಾರಿಗೂ ಅರ್ಥವಾಗುವುದಿಲ್ಲ. ಹೋದ ಬುಧವಾರ ಆಶಾಗಳನ್ನೇ ಕೇಳಿದೆ. ಒಬ್ಬಳು ‘ಮನ್ ಉದಾಸ್’ ಅನ್ನು ಅಂದಳು. ಇನ್ನೊಬ್ಬಳು ಅದು ಸಿನಿಮಾದವರಿಗೆ, ನಮ್ಮ ಹೆಂಗಸರು ‘ಜಿಉ ಘಬರಾತ್ ಬಾ’ ಅಂತಾರೆ ಅಂದಳು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು, ಯಾರದೋ ಅತ್ತೆ, ಇವೆರಡೂ ಅಲ್ಲ ಅಂತ ತಲೆಯಾಡಿಸಿದಳು. ಏನನ್ನುತ್ತೀರಿ ಮತ್ತೆ ಅಂದರೆ, ಯೋಚನೆ ಮಾಡಿ ಹೇಳ್ತೇನೆ, ಮುಂದಿನ ವಾರ ಬಾ ಅಂದಳು.